ಫ್ಲಾರೆನ್ಸಿನ ಪುಸ್ತಕಕ್ಕೆ ಕುಂಕುಮ

ಎಲ್ಲಕ್ಕೂ ಕಾರಣ ಪಕ್ಕದ ಮನೆಯ ಲೀಲಮ್ಮ. ಮಗನ ಜೊತೆ ಇರಲು ಇಂಡಿಯಾದಿಂದ ಟಿಲ್‌ಬರ್ಗಿಗೆ ಬಂದಿದ್ದ ಆಕೆ, ಸೋಮಶೇಖರ ಸೈಕಲ್ ಹತ್ತುವ ಹೊತ್ತಿಗೆ ಸರಿಯಾಗಿ ಅಡ್ಡ ನಿಂತರು.

“ಇವತ್ತು ಥೀಸಿಸ್‌ಗೆ ಸೈನ್ ಹಾಕಿಸ್ಕೊಳ್ಳೋ ದಿನ. ಬೋಳು ಹಣೇಲಿ ಹೋಗ್ತಾರೇನೋ?”

“ಆಂಟಿ, ಲೇಟಾಗತ್ತೆ...”

ಮಾತು ಮುಗಿಯುವಷ್ಟರಲ್ಲಿ ಹಣೆಯ ಮೇಲೆ ಎಂಟಾಣೆಯಗಲ ಕುಂಕುಮ ಕೂತಿತ್ತು.

ಸಹಿ ಇವತ್ತು ಬೀಳಲೇಬೇಕಿತ್ತು. ತಿಂಗಳು ಕಳೆದರೆ ಈ ದೇಶದಲ್ಲಿರಲು ಕೊಟ್ಟ ಪರ್ಮಿಟ್ ಮುಗಿಯುತ್ತದೆ. ನಾಲ್ಕು ವರ್ಷ ಅವನು ಮಣ್ಣು ಹೊತ್ತದ್ದು ಒಂದೇ ಒಂದು ಪುಸ್ತಕಕ್ಕೆ. ಐನೂರು ವರ್ಷಗಳ ಹಿಂದೆ ಫ್ಲಾರೆನ್ಸಿನಲ್ಲಿ ಒಬ್ಬ ಕರುವಿನ ಚರ್ಮದ ಹಾಳೆಗಳ ಮೇಲೆ ಲ್ಯಾಟಿನ್ ನೀತಿಗ್ರಂಥವೊಂದನ್ನು ಕಣ್ಣು ಕಳೆದುಕೊಂಡು ನಕಲು ಮಾಡಿದ. ಇನ್ನೊಬ್ಬ ಅಕ್ಷರಗಳಿಗೆ ಚಿನ್ನ ಬಳಿದು ಅಂಚಿಗೆ ಬಿಳಿ ಬಳ್ಳಿ ಹಬ್ಬಿಸಿದ. ಒಂದಕ್ಷರ ಓದದ ಶ್ರೀಮಂತ ಅದರ ಕೆಳಗೆ ತನ್ನ ಲಾಂಛನ ಬರೆಸಿಕೊಂಡು ಒಡೆಯನಾದ. ಮುಂದೆ ಕೊಂಡವರೆಲ್ಲ ಹಿಂದಿನವನದನ್ನು ಕೆರೆದು ತಮ್ಮದನ್ನು ಕೂರಿಸಿದರು.

ಹಾಗಾದರೆ ಮೊದಲ ಒಡೆಯ ಯಾರು? ಅಂಚಿನಲ್ಲಿದ್ದ ಕಂದು ಬಳೆಗುರುತು ಒಬ್ಬ ಡ್ಯೂಕನ ಮದ್ಯದ ಬಟ್ಟಲಿನದು ಎಂದು ಅಳತೆ ಹಿಡಿದು ಸಾಧಿಸಿಯೇ ಅವನ ಗೈಡ್ ಯಾನ್ಸೆನ್ ಸಾಹೇಬರು ಪ್ರೊಫೆಸರ್ ಆದದ್ದು. ಸೋಮಶೇಖರನ ಪ್ರಬಂಧದ ಮೊದಲರ್ಧ ಆ ಬಳೆಯ ಮೇಲೆ ನಿಂತಿತ್ತು. ಉಳಿದರ್ಧ, ಇಲ್ಲಿನ ಆಮರ್ಸ್‌ಫೋರ್ಟ್ ಊರಿನ ವರ್ತಕನೊಬ್ಬ ಕೊಂಡ ಮೇಲೆ ಪುಸ್ತಕ ಈ ದೇಶ ಬಿಟ್ಟು ಕದಲಲೇ ಇಲ್ಲ ಎಂಬುದು.

ಗ್ರಂಥಾಲಯದಲ್ಲಿ ಆ ಪುಸ್ತಕವಿದ್ದ ಟ್ರಾಲಿಗೆ ಅವನ ಬೂಟು ತಾಗಿತು. ಸರಸ್ವತಿಗೆ ಕಾಲು! ಗ್ರಂಥಪಾಲಕಿ ಆಚೆ ತಿರುಗಿದ್ದೇ ತಡ, ತೆರೆದ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡ, ಹಣೆಗೂ ಒತ್ತಿಕೊಂಡ. ಇಳಿಸಿ ನೋಡಿದರೆ ಬಿಳಿ ಬಳ್ಳಿಯ ನಡುವೆ ಕೆಂಪು ಬೊಟ್ಟು! ಬೆರಳಿನಿಂದ ಒರೆಸಿದ, ಅದು ಇನ್ನಷ್ಟು ಹರಡಿತು. ಗಾಬರಿಯಲ್ಲಿ ಹಣೆಯನ್ನಾದರೂ ಸ್ವಚ್ಛ ಮಾಡಿಕೊಂಡ.

ಅಷ್ಟರಲ್ಲಿ ಪ್ರೊಫೆಸರ್ ಬಂದರು, ಭೂತಗನ್ನಡಿ ಹಿಡಿದರು.

“ಇದೇನು? ನಾಲ್ಕು ವರ್ಷ ನಿನ್ನ ಕಣ್ಣಿಗೆ ಬೀಳಲಿಲ್ಲವೆ?”

ಸೋಮಶೇಖರ ಬಾಯಿ ತೆರೆಯುವ ಮೊದಲೇ ಕೆಂಪು ಪುಡಿ ಮೇಲಿನ ಮಹಡಿಯ ಲ್ಯಾಬಿಗೆ ಹೋಯಿತು. ಊಟದ ಹೊತ್ತಿಗೆ ಫಲಿತಾಂಶ ಬಂತು: ಅರಿಶಿನ, ಸುಣ್ಣ.

“ಪುಸ್ತಕ ಇಂಡಿಯಾಕ್ಕೆ ಹೋಗಿತ್ತು! ಅಲ್ಲೊಬ್ಬ ಒಡೆಯನಿದ್ದ!” ಎಂದು ಪ್ರೊಫೆಸರ್ ಕಾರಿಡಾರಿನಲ್ಲೇ ಕೂಗಿದರು. ಮೂರು ಗಂಟೆಗೆ ಪಕ್ಕದ ಮೇಜಿನ ದಿವಾಕರ ಓಡಿಬಂದ. “ಲೋ ಸೋಮು, ನಿನ್ ಬುಕ್ಕು ವಿಜಯನಗರದ ಅರಮನೇಲಿ ಇತ್ತಂತಲ್ಲೋ!”

ಇನ್ನು ತಡೆಯಲಾಗದೆ ಸೋಮಶೇಖರ ಪ್ರೊಫೆಸರರ ಕೋಣೆಗೆ ಹೋದ.

“ಸರ್, ಅದು ನನ್ನ ಹಣೆಯ ಕುಂಕುಮ.”

ಪ್ರೊಫೆಸರ್ ಬಾಗಿಲು ಹಾಕಿ, ಕುರ್ಚಿ ತೋರಿಸಿದರು.

“ಗೊತ್ತು. ಬೆಳಿಗ್ಗೆ ನೀನು ಸೈಕಲ್ ನಿಲ್ಲಿಸುವಾಗ ನೋಡಿದ್ದೆ.” ದನಿ ತಗ್ಗಿಸಿದರು. “ಆ ಕಂದು ಬಳೆ ಇದೆಯಲ್ಲ, ಅದು ನನ್ನ ಕಾಫಿ ಲೋಟದ್ದು. ನಾನೂ ಹೆದರಿ ಒಂದು ವಾರ ಊಟ ಬಿಟ್ಟಿದ್ದೆ.”

ಸೋಮಶೇಖರನ ಪ್ರಬಂಧದ ಮೊದಲರ್ಧವೂ ಕಣ್ಣೆದುರೇ ಕುಸಿಯಿತು.

“ಹಾಗಾದ್ರೆ... ಸಹಿ?”

“ಖಂಡಿತ ಹಾಕುತ್ತೇನೆ. ಮೊದಲು ಆ ಇಂಡಿಯಾದ ಒಡೆಯನನ್ನು ಹುಡುಕಿ ಬರೆದು ತಾ, ಎರಡು ವರ್ಷ ಸಾಕು. ಪರ್ಮಿಟ್ ಮುಗಿದರೇನು? ನೀನು ಹುಡುಕಬೇಕಾದ್ದು ಅಲ್ಲೇ ಅಲ್ಲವೆ?”

ಸಂಜೆ ಸೈಕಲ್ ತಳ್ಳಿಕೊಂಡು ಬಂದಾಗ ಲೀಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು.

“ಸೈನ್ ಆಯ್ತೇನೋ?”

“ಇಲ್ಲ ಆಂಟಿ.”

ಅವರು ಅವನ ಹಣೆಯನ್ನೇ ದುರುಗುಟ್ಟಿ ನೋಡಿದರು.

“ಮತ್ತೆ ಹೇಗಾಗತ್ತೆ? ಹಚ್ಚಿದ್ದನ್ನ ಒರೆಸ್ಕೊಂಡಿದೀಯಲ್ಲ!”