ಬಂಡೆಗೆ ಅಂಟಿದ ಮೀನು

ಹೊಳೆ ಮೀನು ತಾನೇ ಹಿಡಿದು ಪದಾರ್ಥ ಮಾಡಿ ಬಡಿಸುತ್ತೇನೆಂದು ರೂಪೇಶ ಫೋನಿನಲ್ಲಿ ಕೊಚ್ಚಿಕೊಂಡದ್ದೇ ತಪ್ಪಾಯಿತು. ಅರಂತೋಡಿನ ಸೋದರಮಾವ ಗುರುವಪ್ಪ ಅತ್ತೆಯೊಂದಿಗೆ ಊಟಕ್ಕೆ ಹೊರಟೇಬಿಟ್ಟರು. ಮಾವ ತಮ್ಮ ಹಳೆಯ ಜೀಪನ್ನು ಯಾರಿಗಾದರೂ ಕೊಡುವ ಯೋಚನೆಯಲ್ಲಿದ್ದರು. ಅದು ತನಗೇ ಸಿಗಬೇಕು, ಅದಕ್ಕೆ ಇವತ್ತು ಮಾವ ಖುಷಿಯಾಗಬೇಕು ಎಂಬುದು ಸುಳ್ಯದ ಈ ಬ್ರಹ್ಮಚಾರಿಯ ಲೆಕ್ಕ.

ಬೆಳಗ್ಗಿನಿಂದ ಪಯಸ್ವಿನಿ ಹೊಳೆಯಲ್ಲಿ ನಿಂತರೂ ಬಲೆಗೆ ಬಿದ್ದದ್ದು ಒಂದು ಹರಕು ಚಪ್ಪಲಿ. ಕೊನೆಗೆ, ನೀರು ರಭಸದಿಂದ ನುಗ್ಗುವಲ್ಲಿ ಬಂಡೆಗೆ ಬಾಯಿ ಅಂಟಿಸಿ ಕೂತಿದ್ದ ಮೀನೊಂದನ್ನು ಎಳೆದೆಳೆದು ಕಿತ್ತ. ಗೇಣುದ್ದದ ಮೈ, ಅದರ ತುಂಬ ಕವಚದಂಥ ಗಟ್ಟಿ ಚಿಪ್ಪು. ಮನೆಗೆ ತಂದು ಕತ್ತಿ ಇಟ್ಟರೆ ಕತ್ತಿಯೇ ಜಾರಿತು. ಇದು ಎಂಥ ಮೀನಪ್ಪಾ ಎಂದು ಅವನಿಗೆ ಕುತೂಹಲ ಹತ್ತಿತು.

ನೆರೆಮನೆಯ ಅಲಿ ಕುಂಞಿ ಪೇಟೆಯಲ್ಲಿ ಮೀನು ಮಾರಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಅವರಿಗೂ ಗುರುತು ಹತ್ತಲಿಲ್ಲ. ಅವರ ಹೆಂಡತಿ ಹವ್ವಮ್ಮ ಮಾತ್ರ ಇದು ಮೀನೇ ಅಲ್ಲ, ಚಿಪ್ಪುಹಂದಿಯ ಮರಿ ಎಂದು ಹಟ ಹಿಡಿದರು. ರೂಪೇಶ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದ್ದೇ ತಡ, ಅಂಗಳ ತುಂಬ ಜನ.

"ಇದನ್ನು ಪದಾರ್ಥ ಮಾಡ್ಬೇಡ ಮಾರಾಯ," ಎಂದರು ಅಲಿ ಕುಂಞಿ. "ಹೊಸ ಜಾತಿಯಾದ್ರೆ ನಿನ್ನ ಹೆಸರೇ ಇಡ್ತಾರೆ."

ರೂಪೇಶ ಉಬ್ಬಿದ. ಇನ್ನೂ ಜೀವವಿದ್ದ ಮೀನು ನೀರಿನ ಬಕೆಟಿಗೆ ಹೋಯಿತು, ಒಲೆಯ ಮೇಲಿದ್ದ ಮಸಾಲೆ ಸೀದು ಕರಿಯಾಯಿತು. ಅಷ್ಟರಲ್ಲಿ ಜೀಪು ಬಂತು. ಅತ್ತೆ ಕಮಲಾವತಿ ಜನರನ್ನು ಸರಿಸಿ ಬಕೆಟಿಗೆ ಬಗ್ಗಿದವರು ಅಲ್ಲೇ ಕೂತುಬಿಟ್ಟರು.

"ಇದು ನಾನು ಸಾಕಿದ ಮೀನಲ್ವಾ? ಬಾಲದ ತುಂಡು ಹೋದದ್ದು ಹಾಗೇ ಉಂಟು." ಗಂಡನ ಕಡೆ ತಿರುಗಿದರು. "ಸತ್ತಿತು, ಬಾಳೆ ಬುಡದಲ್ಲಿ ಹೂತೆ ಅಂದಿದ್ರಲ್ಲ ನೀವು?"

ಮಾವ ಜೀಪಿನ ಚಕ್ರವನ್ನೇ ನೋಡುತ್ತ ನಿಂತರು. ಪೇಟೆಯ ಅಂಗಡಿಯಲ್ಲಿ ಗಾಜಿನ ತೊಟ್ಟಿಯ ಪಾಚಿ ತಿಕ್ಕಲಿಕ್ಕೆಂದು ಮಾರುವ ಮೀನದು ಎಂದು ಅತ್ತೆಯಿಂದ ಗೊತ್ತಾದ ಮೇಲೆ ಜನ ಕರಗಿದರು. ಊಟಕ್ಕೆ ಆಮ್ಲೆಟ್ ಆಯಿತು. ಅತ್ತೆಗೆ ಮಾತ್ರ ಅನ್ನ ಇಳಿಯದಷ್ಟು ಸಂತೋಷ. ಬಕೆಟನ್ನು ಮಡಿಲಲ್ಲಿಟ್ಟುಕೊಂಡು ಜೀಪು ಹತ್ತಿ ಕೂತರು.

ಮಾವ ರೂಪೇಶನನ್ನು ಜೀಪಿನ ಹಿಂದಕ್ಕೆ ಎಳೆದರು. "ಅದಕ್ಕೆ ಬಾವಿ ನೀರು ಆಗುದಿಲ್ಲಂತೆ, ಹೊಳೆ ನೀರೇ ಬೇಕಂತೆ. ದಿನಾ ಜೀಪಲ್ಲಿ ಕ್ಯಾನು ಹೊತ್ತು ಸಾಕಾಗಿ ಹೊಳೆಗೆ ಬಿಟ್ಟದ್ದು ನಾನು."

ರೂಪೇಶ ಮೆಲ್ಲಗೆ ಜೀಪಿನ ಸುದ್ದಿ ಎತ್ತಿದ.

"ನಿನಗೇ ಕೊಡುವ ಅಂತ ಬಂದದ್ದು ಮಾರಾಯ," ಎಂದರು ಮಾವ. "ಇನ್ನು ನೀರು ಎಂತದ್ರಲ್ಲಿ ತರುದು?"