ಮೂರು ವರ್ಷದ ಗ್ಯಾರಂಟಿ

ಆಳಂದದ ಬಸ್ ಸ್ಟ್ಯಾಂಡ್ ಹತ್ತಿರದ ರೇಡಿಯೋ-ಟಿವಿ ಅಂಗಡಿಯಲ್ಲಿ ನಾನು ನಿಂತೆನೆಂದರೆ ದಿನಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ನಿಂಬರ್ಗಾದಲ್ಲಿ ತೊಗರಿ ಕೊಯ್ದು ಬೆಳೆದ ಗಂಡು ನಾನು; ನನ್ನ ಮಾತಿಗೆ ಎದುರಾಡಿ ಗೆದ್ದವರಿಲ್ಲ. ಕಂಪನಿಯ ವಾರಂಟಿ ಒಂದು ವರ್ಷ. ಸ್ವಲ್ಪ ಹೆಚ್ಚಿಗೆ ಕೊಟ್ಟರೆ ಇನ್ನೆರಡು ವರ್ಷ ರಿಪೇರಿ ನಮ್ಮ ಸಾವ್ಕಾರರದ್ದು. ಅದನ್ನು ಮಾರುವುದರಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನನ್ನಂಥವನಿರಲಿಲ್ಲ.

೧. ವಾರಂಟು

ಟೇಪ್ ರೆಕಾರ್ಡರ್ ಕೊಳ್ಳಲು ಬಂದ ನಮ್ಮೂರಿನ ರೈತನಿಗೆ ಗತ್ತಿನಿಂದ ಹೇಳಿದೆ: "ಕಾಕಾ, ಒಂದು ವರ್ಷದ ವಾರಂಟಿ ಅದ. ಇನ್ನೆರಡು ವರ್ಷ ಹೆಚ್ಚ ಮಾಡ್ಲೇನು?"

ಅವನ ಮಾರಿ ಕಪ್ಪಿಟ್ಟಿತು. "ನಾ ಏನ್ ಮಾಡೀನಲೇ? ಬದುವಿನ ಜಗಳದಾಗ ನಮ್ಮಣ್ಣನ ಹೆಸರಿಲೆ ಒಂದ ವಾರಂಟ್ ಬಂದಿದ್ದಕ್ಕ ಮನಿ ಹಾಳಾಗ್ಯದ. ನೀ ಮತ್ತ ಹೆಚ್ಚ ಮಾಡ್ತೀ?"

ಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಅಂದಿನಿಂದ ನಾನು ‘ಗ್ಯಾರಂಟಿ’ ಅನ್ನತೊಡಗಿದೆ.

೨. ದಣಿಯದ ಟಿವಿ

ವರ್ಷದ ಹಿಂದೆ ಟಿವಿ ಒಯ್ದಿದ್ದ ಜೇವರ್ಗಿ ಕಡೆಯವನೊಬ್ಬ ಬಂದು, "ನಂದು ಗ್ಯಾರಂಟಿ ನಿಂದ್ರಸ್ರಿ" ಎಂದ.

"ಮುಗದೇ ಹೋಗ್ಯದಲ್ರಿ!"

"ಹ್ಯಾಂಗ ಮುಗೀತದ್ರಿ? ನಮ್ಮ ಓಣಿಗಿ ಕಂಬ ಬಂದಾವ, ತಂತಿ ಬಂದಿಲ್ಲ. ಒಂದಿನಾನೂ ಓಡದ ಟಿವಿ ದಣೀತದೇನು?"

"ಮತ್ತ ಇಷ್ಟು ದಿನ ಏನ್ ಮಾಡೀರಿ?"

"ದಿನಾ ಸಂಜಿಗಿ ಎಲ್ಲಾರೂ ಮುಂದ ಕುಂತು ನೋಡ್ತೇವ್ರಿ. ನಮ್ಮ ಮಾರಿ ಚೊಲೋ ಕಾಣತಾವ."

೩. ಉಳಿದೆರಡು ವರ್ಷ

ಅತನೂರಿನಿಂದ ಒಬ್ಬ ಮುದುಕ ಮುತ್ಯಾ ತನ್ನ ಹೆಂಡತಿ ಆಯಿಯೊಡನೆ ಬಂದ. ಮುತ್ಯಾನಿಗೆ ಎದೆಯ ಬ್ಯಾನಿ, ಸೊಲ್ಲಾಪುರದ ಡಾಕ್ಟರೂ ಕೈಚೆಲ್ಲಿದ್ದರು. ಮಲಗಿದಲ್ಲೇ ಕೇಳಲಿ ಎಂದು ಆಯಿ ರೇಡಿಯೋ ಕೊಡಿಸುತ್ತಿದ್ದಳು.

"ಒಂದ ವರ್ಷದ್ದೇ ಸಾಕೋ ತಮ್ಮಾ," ಮುತ್ಯಾ ನಕ್ಕ. "ಅಷ್ಟರಾಗ ನಾನೇ ಬಂದ್ ಆಗ್ತೇನಿ."

"ಸುಮ್ಮ ಕುಂದರ್ರಿ!" ಆಯಿ ಗದರಿದಳು. "ತಮ್ಮಾ, ಮೂರು ವರ್ಷದ್ದು ಬರಿ. ಒಂದೇ ವರ್ಷದ್ದು ತಗೊಂಡ್ರ ನಾವೇ ಒಪ್ಪಿಕೊಂಡಂಗ ಆಗ್ತದ."

ನಾನು ಬಿಡುವೆನೇ? ಎದೆ ತಟ್ಟಿ ಒದರಿದೆ: "ಮೂರು ವರ್ಷ ಗ್ಯಾರಂಟಿ, ಆಯಿ! ನನ್ನ ಮಾತು ಸುಳ್ಳಾಗೂದಿಲ್ಲ."

ವರ್ಷ ತುಂಬುವ ಹೊತ್ತಿಗೆ ಆಯಿ ಒಬ್ಬಳೇ ಬಂದಳು. ಕೈಯಲ್ಲಿ ಬಳೆ ಇರಲಿಲ್ಲ. ತಿಳಿದೂ ತಿಳಿಯದವನಂತೆ, "ರೇಡಿಯೋ ಕೆಟ್ಟದೇನು?" ಅಂದೆ.

"ರೇಡಿಯೋ ಚೊಲೋ ಅದಪ್ಪ. ಯಮ ಬಂದ್ರ ಗ್ಯಾರಂಟಿ ಚೀಟಿ ತೋರಸು ಅಂತಿದ್ರು ನಮ್ಮವರು. ಅವ ಬಂದಾಗ ನಾ ನೀರಿಗಿ ಹೋಗಿದ್ದೆ. ತೋರ್ಸಾಕ ಯಾರೂ ಇರ್ಲಿಲ್ಲ."

ಆಯಿ ಸೆರಗಿನ ಗಂಟು ಬಿಚ್ಚಿ ಚೀಟಿಯನ್ನು ನನ್ನ ಕೈಗಿಟ್ಟಳು.

"ಇದರಾಗ ಎರಡ ವರ್ಷ ಹಂಗೇ ಉಳದಾವ. ನಿನ್ನ ಹೆಸರಿಗಿ ಬರಕೋ ತಮ್ಮಾ. ಇಷ್ಟು ಒದರ್ತಿ, ನಿನ್ನ ಎದಿನೂ ಲಗೂನೇ ಕೆಡ್ತದ."