ಸಾರಿನ ಹುಡಿಗೆ ನನ್ನ ಸಹಿ

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನ್ನ ಸಹಿಯನ್ನು ಕೇಳುವವರೇ ಇಲ್ಲವಾದರು. ಮೂವತ್ತನಾಲ್ಕು ವರ್ಷ ಸಹಿ ಹಾಕಿ ಪಳಗಿದ ಕೈ ಇದು. ಈಗ ಕೊರಿಯರಿನವನಿಗೂ ಬೇಡ; ಅವನಿಗೆ ಓಟಿಪಿ ಸಾಕು.

ಹೀಗಿರುವಾಗ ಸಾಂತಾಕ್ರೂಜಿನ ನಮ್ಮ ಬಿಲ್ಡಿಂಗಿನ ಕೆಳಗಿರುವ ಪೂವಪ್ಪನ ಕಿರಾಣಿ ಅಂಗಡಿಗೆ ಆಹಾರ ಇಲಾಖೆಯವರು ಕಲಬೆರಕೆ ಮಸಾಲೆ ಹಿಡಿಯಲು ಬಂದರು. ಸಾಕ್ಷಿಗೆ ಒಬ್ಬರು ಬೇಕೆಂದಾಗ, ಮೊಸರು ತರಲು ಹೋಗಿದ್ದ ನಾನು ಎದೆಯುಬ್ಬಿಸಿ ಮುಂದೆ ಬಂದೆ.

ಪೂವಪ್ಪ ಬೆವರಿದ. "ರಮಾನಾಥಣ್ಣ, ನೀವು ಬೇಡ. ಮನೆಗೆ ಹೋಗಿ ಮಾರಾಯ್ರೆ."

"ಅನ್ಯಾಯ ಕಂಡು ಮನೆಗೆ ಹೋಗುವ ವಂಶ ನಮ್ಮದಲ್ಲ!" ಎಂದೆ. (ನಮ್ಮ ವಂಶ ಏನು ಕಂಡರೂ ಮನೆಗೇ ಹೋಗುತ್ತಿತ್ತು; ಅದು ಬೇರೆ ಮಾತು.)

ಅಧಿಕಾರಿ ಮೆಣಸಿನ ಪುಡಿ, ಅರಿಸಿನ, ಕೊನೆಗೆ ಸಾರಿನ ಹುಡಿಯ ಒಂದು ಪ್ಯಾಕೆಟು ತೆಗೆದಿಟ್ಟರು. ಅದರ ಮೇಲೆ ತಾರೀಖಿಲ್ಲ, ಲೈಸೆನ್ಸ್ ನಂಬರಿಲ್ಲ. "ಇಂಥವರನ್ನು ಬಿಡಬಾರದು ಸಾಬ್" ಎಂದು ಹುರಿದುಂಬಿಸಿ, ಮರಾಠಿಯ ಪಂಚನಾಮೆಯನ್ನು ಓದದೆಯೇ, ಬಾಲವೆಳೆದು, ಕೆಳಗೆರಡು ಚುಕ್ಕೆಯಿಟ್ಟು, ರಾಜಮುದ್ರೆಯಂತೆ ಸಹಿ ಒತ್ತಿದೆ. ಹೆಸರು, ವಿಳಾಸವನ್ನೂ ಬರೆದೆ.

ಅಧಿಕಾರಿ ಅದನ್ನು ನೋಡಿದರು, ಪ್ಯಾಕೆಟು ನೋಡಿದರು. "ರಮಾನಾಥ್ ಸುವರ್ಣ, ಬಿ ವಿಂಗ್, ತೀನ್ ಸೌ ದೋ... ಅರೆ, ಬನಾನೇವಾಲಾ ಭೀ ಆಪ್ ಹೀ?"

ಸಾರಿನ ಹುಡಿಯ ಪ್ಯಾಕೆಟಿನಲ್ಲಿ ತಯಾರಕರ ಜಾಗದಲ್ಲಿ ಇದ್ದದ್ದು ನನ್ನದೇ ಹೆಸರು!

ಮೊಸರು ಬಿಟ್ಟು ಮನೆಗೆ ಓಡಿದೆ. ಹೆಂಡತಿ ವಾರಿಜಾ ತಲೆ ಮೇಲೆ ಕೈಹೊತ್ತಳು.

"ಹುಡಿ ಮಾಡಿ ಅಂಗಡಿಗೆ ಕೊಡೂದು ನಾನು. ಗಂಡಸರ ಹೆಸರಿದ್ರೆ ಯಾರೂ ತಂಟೆಗೆ ಬರೂದಿಲ್ಲ ಅಂತ ಪೂವಪ್ಪಣ್ಣ ಹೇಳಿದ್ರು. ಆ ಗಂಡಸೇ ಹೋಗಿ ಹಿಡಿದು ಕೊಡ್ತಾರೆ ಅಂತ ನಂಗೆ ಕನಸು ಬಿದ್ದಿತ್ತಾ?"

"ಮಿಕ್ಸಿ ತಿರುಗಿದ್ದು ಒಂದು ದಿನವೂ ನನಗೆ ಕೇಳಲಿಲ್ಲವಲ್ಲ?"

"ಮಧ್ಯಾಹ್ನ ನಿಮ್ಮ ಗೊರಕೆಯೆದುರು ಮಿಕ್ಸಿ ಎಲ್ಲಿ ಕೇಳ್ತದೆ?"

ತಿಂಗಳಾದ ಮೇಲೆ ನಮ್ಮಿಬ್ಬರನ್ನೂ ಬಾಂದ್ರಾದ ಆಫೀಸಿಗೆ ಕರೆಸಿದರು. ಪೂವಪ್ಪನ ಮೆಣಸಿನ ಪುಡಿಯಲ್ಲಿ ಬಣ್ಣ ಸಿಕ್ಕಿತ್ತು. ಸಾರಿನ ಹುಡಿ ಮಾತ್ರ ಅಪ್ಪಟ. ನಾನು ಮೀಸೆ ತಿರುವುವಷ್ಟರಲ್ಲಿ ಅಧಿಕಾರಿ ನನ್ನತ್ತ ತಿರುಗಿ, ಕಿಲೋ ಮೆಣಸಿಗೆ ಕೊತ್ತಂಬರಿ ಎಷ್ಟು ಹಾಕುತ್ತೀರಿ ಎಂದು ಕೇಳಿದರು. ನಾನು ಫ್ಯಾನು ನೋಡಿದೆ.

"ಇವರಿಗೆ ಜೀರಿಗೆ ಯಾವುದು, ಸೋಂಪು ಯಾವುದು ಅಂತ ಸಹ ಗೊತ್ತಿಲ್ಲ" ಎಂದು ವಾರಿಜಾ ಹಿಂದಿಯಲ್ಲಿ ನಿಜ ನುಡಿದಳು.

ಮಸಾಲೆ ಅಸಲಿ, ತಯಾರಕ ನಕಲಿ ಎಂದು ತೀರ್ಪಾಯಿತು. ದಂಡ ಹಾಕಲಿಲ್ಲ, ಎಚ್ಚರಿಕೆ ಕೊಟ್ಟು ಕಳಿಸಿದರು.

ಈಗ ಲೈಸೆನ್ಸು ವಾರಿಜಾಳ ಹೆಸರಿನಲ್ಲಿದೆ. ಉಳಿದ ಇನ್ನೂರು ಪ್ಯಾಕೆಟುಗಳ ಹಳೆಯ ಲೇಬಲ್ ಕೀಳುವ ಹೊಣೆ ನನ್ನದು. ಒದ್ದೆ ಬಟ್ಟೆಯಿಂದ ಉಜ್ಜುತ್ತ ಕೂತಿದ್ದೇನೆ. ಅಡಿಗೆಮನೆಯಿಂದ ಆಜ್ಞೆ ಬರುತ್ತದೆ:

"ಸರೀ ಉಜ್ಜಿ ಮಾರಾಯ್ರೆ, ನಿಮ್ಮ ಹೆಸರು ಒಂದಕ್ಷರ ಸಹ ಉಳೀಬಾರ್ದು!"